ಮುಂದೆ ಹೋಗಿ

"ಗುರುಗಳೇ, ನಾಳೆಯಿಂದ ನಾನು ಭಿಕ್ಷೆಗೆ ಹೋಗದಿದ್ದರೆ ಆಗದೇ?" ಎಂದು ಶಿಷ್ಯ ಮಹಾಂತಯ್ಯ ಕೇಳಿದ.

"ಏಕೆ, ಏನಾಯಿತು?"

"ಇವತ್ತು ಏಳು ಮನೆಯಲ್ಲಿ 'ಮುಂದೆ ಹೋಗಿ' ಎಂದರು. ಏಳನೆಯ ಮನೆಯಾಕೆ ನನ್ನ ಮುಖವನ್ನೂ ನೋಡಲಿಲ್ಲ. ಅಲ್ಲಿಂದಲೇ ಹಿಂದಿರುಗಿ ಬಂದೆ. ಪೇಟೆಯ ವರ್ತಕರೊಬ್ಬರು ತಮ್ಮ ಮನೆಯಲ್ಲೇ ಇರು, ದಿನವೂ ಊಟ ಹಾಕುತ್ತೇನೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?"

"ನೋವಾದದ್ದು ಹೊಟ್ಟೆಗೋ, ಮರ್ಯಾದೆಗೋ?" ಎಂದು ಗುರುಗಳು ಕೇಳಿದರು. ಮಹಾಂತಯ್ಯ ನೆಲ ನೋಡಿದ. "ಸರಿ, ಕುಳಿತುಕೋ" ಎಂದು ಗುರುಗಳು ಹೇಳತೊಡಗಿದರು.

ಹಿಂದೆ ಒಂದು ರಾಜ್ಯದಲ್ಲಿ ಭಿಕ್ಷೆ ಬೇಡಿ ಬದುಕುವ ಸನ್ಯಾಸಿಗಳಿದ್ದರು. ಜನ ಅವರನ್ನು ಸ್ವಾಮಿ ಎನ್ನುತ್ತಿರಲಿಲ್ಲ, ಅಣ್ಣ ಎನ್ನುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯನಿಗೆ ದೊಡ್ಡಣ್ಣ ಎಂದು ಹೆಸರಾಗಿತ್ತು. ಅವರಿಗೆ ಮನೆಯಿರಲಿಲ್ಲ. ಅನ್ನ ಹಾಕಿದ ಊರಲ್ಲಿ ಆ ದಿನ ನಿಲ್ಲಬೇಕೆಂಬುದು ಅವರ ನಿಯಮ. ನಿಂತು ರೋಗಿಗಳ ಆರೈಕೆ ಮಾಡುತ್ತಿದ್ದರು, ಯಾರೂ ಇಲ್ಲದವರ ಹೆಣಕ್ಕೆ ಹೆಗಲು ಕೊಡುತ್ತಿದ್ದರು.

ಅವರಿಗೆ ಇನ್ನೊಂದು ನಿಯಮವಿತ್ತು. ನಮ್ಮ ಜನಕ್ಕೆ ಬೇಡುವವನ ಎದುರು ಇಲ್ಲ ಎನ್ನಲು ನಾಲಗೆ ಬಾರದು, ಮುಂದೆ ಹೋಗಿ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಅಣ್ಣಂದಿರು ಕೈಮುಗಿದು ಮುಂದೆ ನಡೆಯಬೇಕು. ಯಾರು ಅಂದರು, ಏಕೆ ಅಂದರು ಎಂದು ಕೇಳಬಾರದು. ಹಾಗೆ ಒಂದು ಊರು ಮುಂದೆ ಹೋಗಿ ಎಂದು, ಇನ್ನೊಂದು ಊರು ಮುಂದೆ ಹೋಗಿ ಎಂದು, ಅವರು ರಾಜ್ಯದ ಕೊನೆಯಲ್ಲಿದ್ದ ಒಂದು ಹಟ್ಟಿಯನ್ನು ತಲುಪುತ್ತಿದ್ದರು. ಅದು ಕುಷ್ಠ ಬಂದವರ ಹಟ್ಟಿ. ಅಲ್ಲಿಂದ ಮುಂದೆ ಊರಿರಲಿಲ್ಲ, ಮುಂದೆ ಹೋಗಿ ಎನ್ನುವವರೂ ಇರಲಿಲ್ಲ. ಅಣ್ಣಂದಿರು ಅಲ್ಲಿ ತಿಂಗಳುಗಟ್ಟಲೆ ನಿಂತು ಬೇವಿನ ನೀರಲ್ಲಿ ಅವರ ಹುಣ್ಣು ತೊಳೆಯುತ್ತಿದ್ದರು.

ಆ ರಾಜ್ಯದ ಅರಸ ಒಳ್ಳೆಯವನು. ತೊಂದರೆ ಶುರುವಾದದ್ದೇ ಅಲ್ಲಿ. ಒಮ್ಮೆ ಅವನಿಗೆ ಜ್ವರ ಬಂದಾಗ ಒಬ್ಬ ಅಣ್ಣ ಆರೈಕೆ ಮಾಡಿ ಉಳಿಸಿದ್ದ. ಅಂಥವರನ್ನು ಜನ ಬಾಗಿಲಿಂದ ಅಟ್ಟುತ್ತಾರೆಂದು ಕೇಳಿ ಅರಸನಿಗೆ ಸಂಕಟವಾಯಿತು. 'ಇನ್ನು ಮೇಲೆ ಯಾರೂ ಅಣ್ಣಂದಿರಿಗೆ ಮುಂದೆ ಹೋಗಿ ಎನ್ನಕೂಡದು. ಅಂದವರಿಗೆ ಶಿಕ್ಷೆಯಾಗುತ್ತದೆ' ಎಂದು ಡಂಗುರ ಹೊಡೆಸಿದ.

ದಿನವೂ ಮೊದಲನೆಯ ಬಾಗಿಲಲ್ಲೇ ಅನ್ನ ಸಿಗತೊಡಗಿತು. ಇಲ್ಲದ ಮನೆಯ ಹೆಂಗಸರು ಹೆದರಿ ಮಕ್ಕಳ ಪಾಲನ್ನೇ ತಂದು ಹಾಕಿದರು. ಹೋಗಿ ಎಂದು ಯಾರೂ ಅನ್ನದ ಮೇಲೆ ಅಣ್ಣಂದಿರು ಹೋಗುವುದಾದರೂ ಹೇಗೆ? ಆಗ ತಾವಿದ್ದ ರಾಜಧಾನಿಯಲ್ಲೇ ಉಳಿದರು. ಅರಸ ಅವರಿಗೆ ಕಲ್ಲಿನ ಮಠ ಕಟ್ಟಿಸಿದ. ಮಠ ಬಂದ ಮೇಲೆ ಬಾಗಿಲು ಬಂತು, ಬಾಗಿಲು ಕಾಯಲು ಒಬ್ಬ ಸನ್ಯಾಸಿ ಬಂದ. ಜನ ಅವರನ್ನು ಸ್ವಾಮಿಗಳು ಎನ್ನತೊಡಗಿದರು. ದೊಡ್ಡಣ್ಣನಿಗೆ ಮಂಡಿನೋವು ಹಿಡಿಯಿತು. ಯಾರಾದರೂ ಎಬ್ಬಿಸಿ ಕಳಿಸಬಾರದೇ ಎಂದು ಅವನಿಗೆ ಒಳಗೊಳಗೇ ಅನಿಸುತ್ತಿತ್ತು. ಎಬ್ಬಿಸುವವರೇ ಇರಲಿಲ್ಲ. ಹೀಗೆ ಹನ್ನೊಂದು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಮಠದ ಬಾಗಿಲಿಗೆ ಚಾಪೆ ಹೆಣೆಯುವ ಹೆಂಗಸೊಬ್ಬಳು ಬಂದಳು. ಆಕೆ ಕೊನೆಯ ಹಟ್ಟಿಯವಳು. ಕುಷ್ಠ ಬಂದದ್ದು ಆಕೆಯ ತಂಗಿಗೆ. ತಂಗಿಯನ್ನು ಬಿಡಲಾರದೆ ತಾನೂ ಅಲ್ಲೇ ಇದ್ದಳು. ಒಂಬತ್ತು ದಿನ ನಡೆದು ಬಂದಿದ್ದಳು.

"ಅಣ್ಣಂದಿರನ್ನ ಕರೀರಪ್ಪಾ" ಎಂದಳು. "ತಂಗಿ ಕಾಲು ಕೊಳೀತಾ ಇದೆ. ನನ್ನೊಬ್ಬಳ ಕೈಲಿ ಆಗ್ತಿಲ್ಲ. ಹಟ್ಟಿಯೋರೆಲ್ಲ ದಾರಿ ನೋಡಿ ನೋಡಿ ಸಾಕಾದರು."

"ಇಲ್ಲಿ ಅಣ್ಣಂದಿರು ಯಾರೂ ಇಲ್ಲ, ಸ್ವಾಮಿಗಳಿದ್ದಾರೆ" ಎಂದ ಬಾಗಿಲ ಸನ್ಯಾಸಿ. "ಅವರು ಊಟಕ್ಕೆ ಕುಳಿತಿದ್ದಾರೆ. ಮುಂದೆ ಹೋಗಮ್ಮ."

ಒಳಗೆ ದೊಡ್ಡಣ್ಣ ತುತ್ತು ಎತ್ತಿದ್ದ. ಹನ್ನೊಂದು ವರ್ಷದ ಮೇಲೆ ಆ ಮಾತು ಅವನ ಕಿವಿಗೆ ಬಿತ್ತು. ಅವನು ಎಲೆಗೆ ಕೈಮುಗಿದ, ಎದ್ದ, ಗೂಟದಲ್ಲಿದ್ದ ಜೋಳಿಗೆ ತೆಗೆದುಕೊಂಡು ಹೊರಟುಬಿಟ್ಟ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಬಾಗಿಲ ಸನ್ಯಾಸಿಯ ಮುಖ ಬಿಳುಚಿತು. "ನಾನು ಅಂದದ್ದು ಆಕೆಗೆ, ನಿಮಗಲ್ಲ" ಎಂದು ದಾರಿಗೆ ಅಡ್ಡ ನಿಂತ.

"ನನಗೂ ಕೇಳಿಸಿತಲ್ಲಪ್ಪಾ" ಎಂದ ದೊಡ್ಡಣ್ಣ. "ನಿನ್ನ ಬಾಯಿ ತಣ್ಣಗಿರಲಿ. ಬಾ, ನೀನೂ ಬಾ."

ಊರಾಚೆಯ ಆಲದ ಮರ ದಾಟಿದಾಗ ದೊಡ್ಡಣ್ಣ ನಿಂತು ತನ್ನ ಮಂಡಿ ನೋಡಿಕೊಂಡ, ನಕ್ಕುಬಿಟ್ಟ. ಅಷ್ಟು ಹಗುರವಾಗಿತ್ತು ಅವನಿಗೆ. ಅನ್ನ ಹಾಕಿದ ಊರಲ್ಲಿ ಆ ದಿನ ನಿಲ್ಲಬೇಕೆಂಬ ನಿಯಮ ಇತ್ತಲ್ಲ, ಅದಕ್ಕೆ ಹಟ್ಟಿಯ ದಾರಿಯುದ್ದಕ್ಕೂ ಯಾರ ಬಾಗಿಲಿಗೂ ಹೋಗಲಿಲ್ಲ. ಜೊತೆಗೆ ನಡೆಯುತ್ತಿದ್ದ ಆ ಹೆಂಗಸಿನ ಬುತ್ತಿಯಲ್ಲಿ ಉಳಿದಿದ್ದ ಅರಳಿಟ್ಟನ್ನೇ ನೀರಲ್ಲಿ ಕಲಸಿ ಎಲ್ಲರೂ ಹಂಚಿಕೊಂಡರು. ಒಂಬತ್ತು ದಿನದ ದಾರಿಯನ್ನು ಏಳೇ ದಿನದಲ್ಲಿ ನಡೆದರು.

ತಂಗಿಗೆ ಜೀವವಿತ್ತು. ದೊಡ್ಡಣ್ಣ ಬೇವಿನ ನೀರು ಕಾಯಿಸಿ ಆಕೆಯ ಕಾಲು ತೊಳೆದ. ಬಾಗಿಲ ಸನ್ಯಾಸಿ ಪಾತ್ರೆ ಹಿಡಿದು ನಿಂತ. ನಾಲ್ಕನೆಯ ದಿನ ಜ್ವರ ಇಳಿಯಿತು, ತಂಗಿ ಎದ್ದು ಕುಳಿತು ಗಂಜಿ ಕೇಳಿದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ ಗಂಜಿಯ ಮಡಕೆ ಹಿಡಿದುಕೊಂಡೇ ಅತ್ತಳು.

ಅರಸನಿಗೆ ಸುದ್ದಿ ಹೋಯಿತು. ಅವನು ಒಳ್ಳೆಯವನೆಂದು ಆಗಲೇ ಹೇಳಿದೆನಲ್ಲ, ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡ. ಬಡವರ ಮನೆಯ ಹೆಂಗಸರು ಮತ್ತೆ ಭಯವಿಲ್ಲದೆ ಮುಂದೆ ಹೋಗಿ ಎಂದರು. ಅಣ್ಣಂದಿರು ಮತ್ತೆ ಕೈಮುಗಿದು ಮುಂದೆ ನಡೆದರು.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ ಹಿಡಿದಿದ್ದ ಉಸಿರು ಬಿಟ್ಟ. "ಸದ್ಯ, ತಂಗಿ ಉಳಿದಳಲ್ಲ" ಎಂದ. ಅವನ ಮುಖದಲ್ಲಿ ಬೆಳಗಿನ ಸಿಟ್ಟು ಉಳಿದಿರಲಿಲ್ಲ. "ವರ್ತಕರಿಗೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ" ಎಂದು ಎದ್ದ.

"ಅದು ಇರಲಿ ಮಹಾಂತಯ್ಯ" ಎಂದರು ಗುರುಗಳು. "ಎಂಟನೆಯ ಮನೆಯಲ್ಲಿ ಯಾರಿದ್ದರು?"

ಮಹಾಂತಯ್ಯ ಜೋಳಿಗೆ ತೆಗೆದುಕೊಂಡು ಎಂಟನೆಯ ಮನೆಯ ಕಡೆಗೆ ಹೊರಟ.