ಚಿಕ್ಕತಾಯಮ್ಮನ ರೇಷ್ಮೆ ಜರಡಿ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕಾಲು ಚಾಚಿದವರು ಮಡಚಿಕೊಳ್ಳಿ, ಹಿಂದೆ ಬರೋರಿಗೂ ಜಾಗ ಬೇಕು.

ಸಂಪಗೆದುರ್ಗ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಜರಡಿ ಹೆಣೆಯುವವಳಿದ್ದಳು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಿದಿರು ಸೀಳಿ ಹೆಣೆದರೆ ಭತ್ತದ ಜರಡಿ. ಕುದುರೆ ಬಾಲದ ಕೂದಲಲ್ಲಿ ಹೆಣೆದರೆ ಹಿಟ್ಟಿನ ಜರಡಿ. ಊರಿನ ಯಾವ ಅಡುಗೆಮನೆಗೆ ಹೋದರೂ ಗೋಡೆಯ ಮೇಲೆ ಅವಳ ಕೈಕೆಲಸ ನೇತಾಡುತ್ತಿತ್ತು.

ಆ ರಾಜ್ಯದ ದೊರೆ ಬೊಮ್ಮರಸ. ಒಳ್ಳೆಯವನೇ, ಆದರೆ ಅವನಿಗೆ ಮಂಡಿನೋವು. ಸಿಂಹಾಸನದ ಮೇಲೆ ಕೂತರೆ ಏಳೋಕಾಗದು, ಎದ್ದರೆ ಕೂರೋಕಾಗದು. ನ್ಯಾಯ ಹೇಳುವಾಗಲೂ "ಅಯ್ಯಪ್ಪಾ" ಅಂತ ನಡುವೆ ನರಳುತ್ತಿದ್ದ. ಪಾಪ, ಕಟಕಟೆಯಲ್ಲಿ ನಿಂತವರು ತಮಗೇ ಏನೋ ಶಿಕ್ಷೆಯಾಯಿತು ಅಂದುಕೊಂಡು ನಡುಗುತ್ತಿದ್ದರು.

ಅರಮನೆಯ ವೈದ್ಯ ಮಾದಪ್ಪಯ್ಯ ಕೊನೆಗೆ ಒಂದು ಮದ್ದು ಹೇಳಿದ. "ಮಾಸ್ವಾಮಿ, ನಮ್ಮ ಅರಮನೆ ತೋಟದಲ್ಲಿ ಭಂಗಿ ಗಿಡ ಇದೆಯಲ್ಲ, ಅದರ ಹೂವಿನ ಮೇಲೆ ಇಬ್ಬನಿ ಥರ ಮಿನುಗೋ ಒಂದು ಧೂಳಿದೆ. ಗುಣವೆಲ್ಲ ಆ ಧೂಳಲ್ಲಿ. ಒಣಗಿದ ಹೂವನ್ನ ಜರಡಿಯಲ್ಲಿ ಮೆಲ್ಲಗೆ ಆಡಿಸಿದರೆ ಧೂಳು ಕೆಳಗೆ ಬೀಳುತ್ತೆ. ಸಾಸಿವೆ ಕಾಳಿನಷ್ಟು ತುಪ್ಪದಲ್ಲಿ ಕೊಡ್ತೀನಿ. ಆದರೆ ಅದರಲ್ಲಿ ಎಲೆ ಚೂರು ಬೆರೆಯಬಾರದು. ಬೆರೆತರೆ ಗಂಟಲು ಕೆರೆಯುತ್ತೆ, ತಲೆ ತಿರುಗುತ್ತೆ, ನೋವು ಮಾತ್ರ ಇದ್ದಲ್ಲೇ ಇರುತ್ತೆ."

ತೋಟ, ಉಗ್ರಾಣ ಎರಡೂ ಚೆಲುವಯ್ಯ ಅನ್ನೋ ಪಾರುಪತ್ಯಗಾರನ ಕೈಯಲ್ಲಿದ್ದವು. ದುಂಡು ಮುಖ, ಸಿಹಿ ಮಾತು, ಸೊಂಟದಲ್ಲಿ ಸದಾ ಒಂದು ಎಲೆಅಡಿಕೆ ಚೀಲ. ಅವನು ಚಿಕ್ಕತಾಯಮ್ಮನ ಬಾಗಿಲಿಗೆ ಬಂದು, "ದೊರೆಗೆ ಮದ್ದು ಜಾಲಿಸಬೇಕು, ಒಂದು ಜರಡಿ ಕೊಡು" ಅಂದ.

ಚಿಕ್ಕತಾಯಮ್ಮ ಸಣ್ಣ ಬಿದಿರಿನ ಜರಡಿ ಹೆಣೆದು ಕೊಟ್ಟಳು. ಚೆಲುವಯ್ಯ ಡಬ್ಬಿ ತುಂಬ ಪುಡಿ ತಂದ. ಪುಡಿ ಹಸಿರಾಗಿತ್ತು. ದೊರೆ ನೆಕ್ಕಿದ, ಕೆಮ್ಮಿದ. ಆಮೇಲೆ ಎದ್ದು ಹೋಗಿ ಸಭೆಯ ಕಂಬಕ್ಕೆ ಕೈಮುಗಿದು, "ಮನೆ ಕಡೆ ಎಲ್ಲ ಕ್ಷೇಮವಾ?" ಅಂತ ಕೇಳಿದ. ಕಂಬ ಸುಮ್ಮನಿತ್ತು. "ಎಂಥ ಗಂಭೀರ ಮನುಷ್ಯ" ಅಂತ ಮೆಚ್ಚಿ ಅದನ್ನೇ ದಳವಾಯಿ ಮಾಡಿದ. ನಿಜವಾದ ದಳವಾಯಿ ಸಂಜೆವರೆಗೂ ಕಂಬದ ಹಿಂದೆ ನಿಂತು ಅದರ ಅಪ್ಪಣೆ ಕಾಯಬೇಕಾಯಿತು.

"ಜರಡಿಯ ಕಣ್ಣು ದೊಡ್ಡದು" ಅಂದ ಚೆಲುವಯ್ಯ.

ಇರಬಹುದು ಅಂದುಕೊಂಡಳು ಚಿಕ್ಕತಾಯಮ್ಮ. ಈ ಸಲ ಕುದುರೆ ಕೂದಲಿನ ಜರಡಿ ಹೆಣೆದಳು. ಚೆಲುವಯ್ಯ ಪುಡಿ ತಂದ. ಪುಡಿ ಇನ್ನೂ ಹಸಿರಾಗಿತ್ತು. ದೊರೆ ನೆಕ್ಕಿದ, ಕೆಮ್ಮಿದ. ಆಮೇಲೆ ಕಿರೀಟ ತೆಗೆದು ಒಂದು ಹಲಸಿನ ಹಣ್ಣಿಗೆ ಇಟ್ಟು, "ನಮ್ಮ ಸೋದರಮಾವ ಬಂದಿದ್ದಾರೆ, ಎಲ್ಲರೂ ಕಾಲಿಗೆ ಬೀಳಿ" ಅಂದ. ಮಂತ್ರಿಗಳು ಬಿದ್ದರು. ಪಟ್ಟದ ರಾಣಿಯೂ ನಗು ತಡೆದುಕೊಂಡು ಮಾವನವರಿಗೆ ಆರತಿ ಎತ್ತಿದಳು.

"ಜರಡಿಯ ಕಣ್ಣು ಇನ್ನೂ ದೊಡ್ಡದು" ಅಂದ ಚೆಲುವಯ್ಯ.

ಮೂರನೆಯ ಸಲ ಚಿಕ್ಕತಾಯಮ್ಮ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟಳು. ತೆಳ್ಳನೆಯ ರೇಷ್ಮೆ ಎಳೆ ತಂದು, ಉಸಿರು ಬಿಗಿಹಿಡಿದು, ಒಂಬತ್ತು ದಿನ ಮಗ್ಗದಲ್ಲಿ ನೇಯ್ದಳು. ಬಿಸಿಲಿಗೆ ಹಿಡಿದರೆ ಬೆಳಕು ಮಾತ್ರ ಜಿನುಗುವಷ್ಟು ಸಣ್ಣ ಕಣ್ಣು. ಚೆಲುವಯ್ಯ ಪುಡಿ ತಂದ. ಪುಡಿ ಹುಲ್ಲಿಗಿಂತ ಹಸಿರಾಗಿತ್ತು. ದೊರೆ ನೆಕ್ಕಿದ, ಕೆಮ್ಮಿದ. ಆಮೇಲೆ ಅರಮನೆಯ ಕೊಳಕ್ಕೆ ಇಳಿದು ಎದೆಮಟ್ಟ ನೀರಲ್ಲಿ ನಿಂತ. "ಮೀನುಗಳು ಅಹವಾಲು ತಂದಿವೆ. ಸಾಲಾಗಿ ಬನ್ನಿ, ತಳ್ಳಾಡಬೇಡಿ" ಅಂತ ಸಮಾಧಾನ ಹೇಳುತ್ತಿದ್ದ.

ತಂಪು ನೀರಿಗೆ ಮಂಡಿ ಎರಡರಷ್ಟು ಹಿಡಿದುಕೊಂಡಿತು. ಬುದ್ಧಿ ತಿಳಿಯಾದ ಮೇಲೆ ದೊರೆಗೆ ನಾಚಿಕೆ, ನಾಚಿಕೆಯ ಹಿಂದೆಯೇ ಸಿಟ್ಟು.

"ತಪ್ಪು ಯಾರದು?" ಅಂದ.

"ಜರಡಿಯವಳದು, ಮಾಸ್ವಾಮಿ" ಅಂದ ಚೆಲುವಯ್ಯ. "ಬೇಕೂಂತಲೇ ಕೆಟ್ಟ ಜರಡಿ ಕೊಟ್ಟಿದ್ದಾಳೆ."

"ನಾಳೆ ಸಭೆಗೆ ಕರೆಸಿ. ತಪ್ಪಿದ್ದರೆ ಮಗ್ಗ ಮುರಿದು ಹೊಳೆಯಾಚೆ ಬಿಡಿ."

ಮಾತು ಊರೆಲ್ಲ ಹಬ್ಬಿತು. ಹೆಂಗಸರು ಅವಳ ಜರಡಿಗಳನ್ನ ಗೋಡೆಯಿಂದ ಇಳಿಸಿ ಬೀದಿಗೆ ಎಸೆದರು. ಚಿಕ್ಕತಾಯಮ್ಮ ಅವನ್ನು ನೋಡಿಕೊಂಡೇ ಬೀದಿಯಲ್ಲಿ ನಡೆದಳು. ಹೊಳೆಯಾಚೆ ಹೋಗೋದು ಇರಲಿ, ತನ್ನ ಕೈ ಸುಳ್ಳು ಅಂತ ಊರು ನಂಬಿತಲ್ಲ.

ಅವಳು ನೇರ ವೈದ್ಯರ ಮನೆಗೆ ಹೋದಳು. "ಅಯ್ಯನೋರೇ, ದೊರೆ ನೆಕ್ಕಿ ಬಿಟ್ಟಿದ್ದು ಒಂಚೂರು ತೋರಿಸಿ."

ವೈದ್ಯ ಡಬ್ಬಿ ಕೊಟ್ಟ. ಅವಳು ಚಿಟಿಕೆ ಪುಡಿಯನ್ನ ಉಗುರಿನ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದಳು. ನೋಡಿದಳು. ನಗು ಬಂತು.

"ಯಾಕಮ್ಮ ನಗ್ತೀಯ?"

"ಈ ಎಲೆ ಚೂರು ನೋಡಿ, ರಾಗಿ ಹೊಟ್ಟಿನಷ್ಟು ದಪ್ಪ ಇದೆ. ಇದು ನನ್ನ ರೇಷ್ಮೆಯ ಕಣ್ಣಲ್ಲಿ ತೂರಬೇಕಾದರೆ ಆನೆ ಸೂಜಿ ಕಣ್ಣಲ್ಲೂ ತೂರೀತು. ಧೂಳು ಜರಡಿಯಿಂದ ಕೆಳಗೆ ಬಿದ್ದಿದೆ. ಬಿದ್ದ ಮೇಲೆ ಎಲ್ಲೋ ಹೋಗಿದೆ. ಡಬ್ಬಿಗೆ ಬಂದಿರೋದು ಬರೀ ಎಲೆ."

"ಎಲ್ಲಿ ಹೋಗಿರುತ್ತೆ?"

"ಅದನ್ನ ತಗೊಂಡವರೇ ಹೇಳ್ತಾರೆ ಬಿಡಿ" ಅಂದಳು.

ಮಾರನೆಯ ಬೆಳಗ್ಗೆ ಅರಮನೆ ಬಾಗಿಲಲ್ಲಿ ಚೆಲುವಯ್ಯ ಎದುರಾದ. ಅವನ ಎಲೆಅಡಿಕೆ ಚೀಲ ಎಂದಿಗಿಂತ ಉಬ್ಬಿತ್ತು. ಅದು ಎಲೆಯೂ ಅಲ್ಲ, ಅಡಿಕೆಯೂ ಅಲ್ಲ, ಭಂಗಿಯ ಘಾಟು ಅನ್ನೋದನ್ನ ಚಿಕ್ಕತಾಯಮ್ಮನ ಮೂಗು ಆಗಲೇ ಹೇಳಿತು. ಅವಳು ಕಾವಲಿನವನಿಗೆ ಕೇಳಿಸುವಂತೆ, ಚೆಲುವಯ್ಯನಿಗೆ ಇನ್ನೂ ಚೆನ್ನಾಗಿ ಕೇಳಿಸುವಂತೆ, ಕೇಳಿದಳು: "ಏನಪ್ಪ, ಇವತ್ತು ಒಳಗೆ ಹೋಗೋರ ಸೊಂಟದ ಚೀಲ ಎಲ್ಲ ಬಿಚ್ಚಿಸ್ತಾರಂತೆ, ಹೌದಾ?"

ಕಾವಲಿನವನು ಅಂಥದ್ದೇನೂ ಕೇಳಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನೋಕೆ ಅವನಿಗೆ ಅವಮಾನ. "ಹೂಂ, ಇರುತ್ತೆ" ಅಂತ ಗತ್ತಿನಿಂದ ಹೇಳಿದ.

ಚೆಲುವಯ್ಯ ಗೋಡೆ ಕಡೆ ತಿರುಗಿದ. ಚೀಲಕ್ಕೆ ಕೈಹಾಕಿ, ಲಿಂಬೆಹಣ್ಣಿನಷ್ಟು ದಪ್ಪದ ಉಂಡೆಯನ್ನ ಬಾಯಿಗೆ ತುರುಕಿ, ಕಣ್ಣು ಹೊರಗೆ ಬರುವಂತೆ ನುಂಗಿದ. ಬಾಗಿಲಲ್ಲಿ ಯಾರೂ ಯಾವ ಚೀಲವನ್ನೂ ಬಿಚ್ಚಿಸಲಿಲ್ಲ.

ಸಭೆ ಕೂಡಿತು. ದೊರೆ ಹುಬ್ಬು ಗಂಟಿಕ್ಕಿ, "ಏನು ಹೇಳ್ತೀಯಮ್ಮ?" ಅಂದ.

"ಹೇಳ್ತೀನಿ ಬುದ್ಧಿ. ಆದರೆ ಊರು ಬಿಡೋಕೆ ಮೊದಲು ಒಂದಾಸೆ. ತಮ್ಮ ಬಿರುದುಗಳನ್ನ ಒಂದ್ಸಲ ಪೂರ್ತಿ ಕೇಳಬೇಕು."

ಅಂಥ ಆಸೆಗೆ ಯಾವ ದೊರೆ ಬೇಡ ಅಂತಾನೆ? ಹೊಗಳುಭಟ ಮುಂದೆ ಬಂದ. ಬೊಮ್ಮರಸನ ಬಿರುದು ಮುಗಿಯಿತು. ಅವನ ಅಪ್ಪನದು ಮುಗಿಯಿತು. ತಾತನದು ಶುರುವಾಯಿತು. ಬಿಸಿಲು ಕಿಟಕಿಯಿಂದ ಇಳಿದು ಸಭೆಯ ನಡುವಿಗೆ ಬಂತು. ಚಿಕ್ಕತಾಯಮ್ಮ ಕೈಕಟ್ಟಿಕೊಂಡು, ಓರೆಗಣ್ಣಲ್ಲಿ ಚೆಲುವಯ್ಯನನ್ನೇ ನೋಡುತ್ತಿದ್ದಳು. ಅವನ ಕಣ್ಣು ಕೆಂಪಾಗುತ್ತಿತ್ತು. ತುಟಿಯ ಒಂದು ಮೂಲೆ ಮೇಲೇರುತ್ತಿತ್ತು.

ಬಿರುದು ಮುಗಿದ ಮೇಲೆ ಅವಳು ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಉಗ್ರಾಣದಿಂದ ತರಿಸಿದ ಮೂರು ಜರಡಿಗಳನ್ನ, ವೈದ್ಯರ ಡಬ್ಬಿಯನ್ನ ಅದರ ಪಕ್ಕದಲ್ಲಿ ಇಟ್ಟಳು. "ಸ್ವಾಮಿ ಪಾರುಪತ್ಯಗಾರರೇ, ಕೊನೆಯ ಪುಡಿ ಯಾವುದರಲ್ಲಿ ಜಾಲಿಸಿದಿರಿ?"

"ರೇಷ್ಮೆಯದರಲ್ಲಿ. ನನ್ನ ಕೈಯಾರೆ" ಅಂದ ಚೆಲುವಯ್ಯ.

"ಹಾಗಾದರೆ ಒಂದು ಸಲ ಇದರಿಂದ ಇಳಿದ ಪುಡಿ ಇನ್ನೊಂದು ಸಲವೂ ಇಳಿಯಬೇಕು. ಈ ಡಬ್ಬಿಯಲ್ಲಿರೋದನ್ನ ಎಲ್ಲರ ಎದುರು ತಾವೇ ಜಾಲಿಸಿ."

ಸಭೆ ಮುಂದಕ್ಕೆ ಬಾಗಿತು. ಚೆಲುವಯ್ಯ ಜರಡಿ ಹಿಡಿದು ಆಡಿಸಿದ. ಏನೂ ಬೀಳಲಿಲ್ಲ. ಜೋರಾಗಿ ಆಡಿಸಿದ. ಏನೂ ಬೀಳಲಿಲ್ಲ. ತಲೆಯ ಮೇಲೆತ್ತಿ ಕೊಡವಿದ. ಎಲೆಪುಡಿ ಮೇಲಿಂದ ಚೆಲ್ಲಿ ಅವನ ಪೇಟ, ಮೀಸೆ, ಹುಬ್ಬು ಎಲ್ಲ ಹಸಿರಾಯಿತು. ಕೆಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಜರಡಿಯ ಕಣ್ಣಿಂದ ಒಂದು ಕಣವೂ ಇಳಿದಿರಲಿಲ್ಲ.

"ಇಳಿಯೋದಿಲ್ಲ" ಅಂದ ಚೆಲುವಯ್ಯ. ಅಂದವನೇ ಕಿಸಕ್ಕಂತ ನಕ್ಕ. "ಹೆಂಗೆ ಇಳಿಯುತ್ತೆ? ಇಳಿಯೋದೆಲ್ಲ ನಾನೇ ತಗೊಂಡೆನಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದ. "ಮಾಸ್ವಾಮಿ, ಮೂರು ಜರಡಿಯೂ ಬಂಗಾರದಂಥವು. ಧೂಳು ಬೆಲ್ಲದ ಬಣ್ಣಕ್ಕೆ ಉದುರಿತು. ಉಂಡೆ ಕಟ್ಟಿದೆ. ನಮ್ಮ ಮನೆ ಉಪ್ಪಿನಕಾಯಿ ಭರಣಿ ತುಂಬ ಅದೇ. ನಿಮಗೆ ಕೊಟ್ಟಿದ್ದು ಕಸ. ಬೇಲಿ ಪಕ್ಕದ ಕಸ." ಆಮೇಲೆ ಅವನು ಕಂಬದ ಕಡೆ ತಿರುಗಿ, "ದಳವಾಯಿಗಳೇ, ಸ್ವಲ್ಪ ಕೈ ಕೊಡಿ, ಏಳಬೇಕು" ಅಂದ.

ಮೊದಲು ನಕ್ಕಿದ್ದು ರಾಣಿ. ಆಮೇಲೆ ದಳವಾಯಿ. ಆಮೇಲೆ ಮಂಡಿ ಹಿಡಿದುಕೊಂಡೇ ದೊರೆ. ಹೊಗಳುಭಟನಿಗಂತೂ ಬಿಕ್ಕಳಿಕೆಯೇ ಹತ್ತಿತು. ಚಿಕ್ಕತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ತಡೆಯಲಾಗದೆ ಅವಳೂ ನಕ್ಕುಬಿಟ್ಟಳು. ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು. ಆಗಷ್ಟೇ ಅವಳಿಗೆ ತಾನು ಎಷ್ಟು ಹೆದರಿದ್ದೆ ಅಂತ ಗೊತ್ತಾಗಿದ್ದು.

ಚೆಲುವಯ್ಯ ಎರಡು ದಿನ ಮಲಗಿದ್ದು ಎದ್ದ. ಭರಣಿಗಳು ವೈದ್ಯರ ಮನೆ ಸೇರಿದ್ದವು, ಪಾರುಪತ್ಯ ಕೈಬಿಟ್ಟಿತ್ತು. ಅರಮನೆ ಅಡುಗೆಮನೆಗೆ ದಿನಾ ಎರಡು ಪಲ್ಲ ರಾಗಿ ಹಿಟ್ಟು ಜಾಲಿಸೋ ಕೆಲಸ ಅವನ ಪಾಲಿಗೆ ಬಂತು. ಹಿಟ್ಟಲ್ಲಿ ಒಂದು ಹೊಟ್ಟು ಕಂಡರೂ ಅಡುಗೆಯವಳು ಮತ್ತೆ ಮೊದಲಿಂದ ಜಾಲಿಸು ಅನ್ನುತ್ತಿದ್ದಳು. ದೊರೆ ಸಾಸಿವೆ ಕಾಳಿನಷ್ಟು ಒಳ್ಳೆ ಮದ್ದು ತಗೊಂಡು, ವಾರದಲ್ಲಿ ಕೋಲಿಲ್ಲದೆ ಓಡಾಡಿದ.

"ನಿನಗೆ ಏನು ಬೇಕು ಕೇಳಮ್ಮ, ಕೊಡ್ತೀನಿ" ಅಂದ.

"ಬುದ್ಧಿ, ತಮಟೆಯವರನ್ನ ಮೂರು ಬೀದಿಗೆ ಕಳಿಸಿ. ಚಿಕ್ಕತಾಯಮ್ಮನ ಜರಡಿಯಲ್ಲಿ ತಪ್ಪಿರಲಿಲ್ಲ ಅಂತ ಸಾರಿಸಿ. ಅಷ್ಟು ಸಾಕು."

ತಮಟೆಯವರ ಜೊತೆ ದೊರೆ ತಾನೇ ನಡೆದುಕೊಂಡು ಹೋದ. ಪ್ರತಿ ಬೀದಿಯಲ್ಲೂ ನಿಂತು, "ವಿಚಾರಿಸದೆ ಮಾತಾಡಿದ್ದು ನನ್ನ ತಪ್ಪು" ಅಂತ ತನ್ನ ಬಾಯಿಂದಲೇ ಹೇಳಿದ.

ಅದಕ್ಕೇ ಹೇಳೋದು, ಕೆಲಸ ಕೆಟ್ಟಾಗ ಮೊದಲು ಸಿಕ್ಕ ಬಡವರ ಮೇಲೆ ತಪ್ಪು ಹೊರಿಸಬೇಡಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಬದಲಾಯಿತು ಅಂತ ನಿಧಾನವಾಗಿ ನೋಡಿ. ಕದ್ದವನು ಎಷ್ಟೇ ಜಾಣನಾದರೂ, ಕದ್ದಿದ್ದನ್ನ ಅರಗಿಸಿಕೊಳ್ಳೋದು ಅವನಿಗೆ ಕಷ್ಟ.

ಕಥೆ ಮುಗೀತು. ಕಾಲು ಜೋಮು ಹಿಡಿದಿದ್ದರೆ ಈಗ ಚಾಚಿಕೊಳ್ಳಿ.