ಎಣ್ಣೆ ಮೆತ್ತಿದ ಹಗ್ಗ

“ರಾಜಕುಮಾರಿ ಬಾಚಲದೇವಿಯವರ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅರಮನೆಯ ಸರಕಿನ ಬಂಡಿಗಳ ಒಡೆತನ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆದಂಡ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿರುವ ಬಂಡಿಕಾರ ಮಾದಣ್ಣನಿಗೂ ಅದೇ ಶಿಕ್ಷೆ.”

ಹೊಂಗಿರಿ ರಾಜ್ಯದ ಊರೂರಿನಲ್ಲೂ ಹೀಗೆ ಡಂಗುರ ಸಾರಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಘಟ್ಟದಾಚೆಯ ಕೋಟೆಯಲ್ಲಿ ಜ್ವರ ಹಬ್ಬಿದಾಗ ಅರಮನೆಯಿಂದ ನಲವತ್ತು ಮಡಕೆ ಮದ್ದಿನ ಎಣ್ಣೆ ಹೊರಟಿತ್ತು. ಏರಿನ ನಡುವೆ ಸರಕಿಗೆ ಬಿಗಿದಿದ್ದ ಹಗ್ಗ ಹರಿಯಿತು; ಬೇರೆ ಹಗ್ಗ ಬಿಗಿಯುವ ಮೊದಲೇ ಸರಕು ಜಾರಿ, ಬಂಡಿ ಹಿಂದಕ್ಕೆ ಉರುಳಿ ಮಡಕೆಗಳೆಲ್ಲ ಒಡೆದವು. ಇನ್ನೊಂದು ಬಂಡಿ ತಲುಪುವಷ್ಟರಲ್ಲಿ ಕೋಟೆಯಲ್ಲಿ ಹತ್ತೊಂಬತ್ತು ಜನ ಸತ್ತಿದ್ದರು. ಅವರಲ್ಲಿ ರಾಜಕುಮಾರಿಯನ್ನು ಎತ್ತಿ ಆಡಿಸಿದ ದಾದಿ ನಾಗವ್ವನೂ ಒಬ್ಬಳು. ಮಾದಣ್ಣ ಬೇರೆ ಹಗ್ಗವನ್ನೇ ಒಯ್ದಿರಲಿಲ್ಲ ಎಂದು ದೂರು ಬಂತು. ಅವನು ತಲೆ ತಗ್ಗಿಸಿ, “ಹಗ್ಗ ಇತ್ತು. ಆದರೂ ತಪ್ಪು ನನ್ನದೇ,” ಎಂದಷ್ಟೇ ಹೇಳಿದ.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ಮುಚ್ಚಿದ ಕೋಣೆಯಲ್ಲಿ ಬಾಚಲದೇವಿ ಕೇಳಿದಳು: “ದುಡಿಯುವಾಗ ಮೈ ಬಿಗಿಹಿಡಿಯುತ್ತದೆ. ದುಡಿತ ಮುಗಿದರೆ ಸುರುಳಿ ಸುತ್ತಿ ಮಲಗುತ್ತದೆ. ಒದ್ದೆ ಮೈಯಲ್ಲಿ ಮಲಗಿಸಿದರೆ ಒಳಗೊಳಗೇ ಸಾಯುತ್ತದೆ. ಯಾವುದು?”

“ಹಾವು,” ಎಂದ ಅವನು ನಗುತ್ತ. ಕಾವಲಿನವರು ಅವನನ್ನು ಸೆರೆಗೆ ಒಯ್ದರು.

ಎರಡನೆಯವನು ಒಬ್ಬ ಪಂಡಿತ. ಅವನಿಗೆ ಬೇರೆ ಒಗಟು: “ಬಂಡಿಯಲ್ಲಿ ಒಬ್ಬನಿದ್ದಾನೆ. ಅವನು ಸರಕಲ್ಲ, ಬಾಡಿಗೆ ತರುವುದಿಲ್ಲ, ಆದರೂ ಜಾಗ ಬಿಡಬೇಕು. ಅವನನ್ನು ಹೊರಗೆ ಹಾಕಿದರೆ ಒಳಗಿದ್ದದ್ದೆಲ್ಲ ಹೊರಗೆ ಬೀಳುತ್ತದೆ. ಯಾರು?”

“ಬಂಡಿ ಹೊಡೆಯುವವನು,” ಎಂದ ಪಂಡಿತ.

“ಅವನು ಇಳಿದು ನಡೆದರೂ ಸರಕು ಬೀಳುವುದಿಲ್ಲ ಪಂಡಿತರೇ,” ಎಂದಳು ರಾಜಕುಮಾರಿ.

ಮೂರನೆಯವನು ಸಾವಿರ ಬಂಡಿ ಓಡಿಸಿದ ವ್ಯಾಪಾರಿ. “ಬಂಡಿಯಲ್ಲಿ ಎಲ್ಲವೂ ಇತ್ತು. ಬೇಕಾದಾಗ ಒಂದೂ ಇರಲಿಲ್ಲ. ಹೇಗೆ?” ಎಂದು ಅವನನ್ನು ಕೇಳಿದಳು. “ಯಾರೋ ಕದ್ದು, ಆಮೇಲೆ ತಂದಿಟ್ಟಿರಬೇಕು,” ಎಂದ ಅವನು. ಬಂಡಿಯ ಬಳಿ ಬೇರೆ ಯಾರೂ ಸುಳಿದಿರಲಿಲ್ಲವೆಂದು ರಾಜಕುಮಾರಿಗೆ ಗೊತ್ತಿತ್ತು; ಅವನೂ ಸೆರೆ ಸೇರಿದ.

ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಆಗ ಬಂದವನು ತಿಪ್ಪ. ಸಂತೆಯ ಬಂಡಿಗಳಿಗೆ ಸರಕು ಹೇರಿ ಬಿಗಿಯುವುದು ಅವನ ಕೆಲಸ. ತಾಯಿತಂದೆಯಿಲ್ಲದ ಅವನನ್ನು ಮನೆಗೆ ಕರೆದು ಅನ್ನ ಹಾಕಿ, ಗಂಟು ಹಾಕುವುದನ್ನು ಕಲಿಸಿದವನು ಮಾದಣ್ಣ. ಅರಮನೆಯ ಅಂಗಳದಲ್ಲಿ ಆ ಮುರುಕು ಬಂಡಿ ಬಿದ್ದಿತ್ತು. ತಿಪ್ಪ ಅದರ ಸುತ್ತ ಎರಡು ಸಲ ನಡೆದು ನೋಡಿ ಒಳಗೆ ಹೋದ.

“ತಲೆಯ ಆಸೆ ಬಿಟ್ಟು ಬಂದೆಯಾ?” ಎಂದಳು ಬಾಚಲದೇವಿ.

“ಈ ತಲೆ ಇಲ್ಲಿವರೆಗೆ ಉಳಿದದ್ದೇ ಮಾದಣ್ಣನಿಂದ ತಾಯಿ. ಕೇಳಿ.”

ಮೊದಲನೆಯದನ್ನು ಕೇಳಿದಾಗ ಅವನು ಯೋಚಿಸಲೂ ಇಲ್ಲ. “ಹಗ್ಗ. ಹಸಿಯಾಗಿಯೇ ಸುತ್ತಿಟ್ಟರೆ ಎಳೆ ಕೊಳೆಯುತ್ತದೆ. ನೋಡಲು ಗಟ್ಟಿಯಾಗಿರುತ್ತದೆ, ಎಳೆದರೆ ಹರಿಯುತ್ತದೆ.”

ಎರಡನೆಯದಕ್ಕೆ ಹೇಳಿದ: “ಬಂಡಿಯ ಹಿಂಬದಿಯ ಪೆಟ್ಟಿಗೆ. ಹಗ್ಗ, ಗೂಟ, ಗಾಲಿಗೆ ಕೊಡುವ ಬೆಣೆ ಎಲ್ಲ ಅದರಲ್ಲಿರುತ್ತವೆ. ಜಾಗ ದಂಡ ಅಂತ ಅದನ್ನು ತೆಗೆದವರ ಸರಕು ದಾರಿಯಲ್ಲಿ ಬೀಳುತ್ತದೆ.”

ಮೂರನೆಯದನ್ನು ಕೇಳುವಾಗ ರಾಜಕುಮಾರಿಯ ದನಿ ಸಣ್ಣಗಾಯಿತು. ಅವಳ ಪಕ್ಕದಲ್ಲಿ ಹರಿಯದ ಹಗ್ಗದ ಸುರುಳಿಯೊಂದಿತ್ತು. ಅದು ಆ ಬಂಡಿಯಲ್ಲೇ ಸಿಕ್ಕಿದ್ದು. ತಿಪ್ಪ ಅದನ್ನು ಕೇಳಿ ಪಡೆದು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅವನ ಕಣ್ಣು ತುಂಬಿತು.

“ಎಣ್ಣೆ ಮೇಲುಗಡೆ ಮಾತ್ರ ಮೆತ್ತಿದೆ ತಾಯಿ. ಕೆಳಗಡೆ ಒಣಗಿಯೇ ಇದೆ. ಮಡಕೆಗಳು ಇದರ ಮೇಲಿದ್ದವು. ಬಂಡಿಯ ಹಿಂದೆ ಪೆಟ್ಟಿಗೆ ಕಿತ್ತ ನಾಲ್ಕು ಮೊಳೆಯ ತೂತುಗಳಿವೆ. ಪೆಟ್ಟಿಗೆ ತೆಗೆಸಿ, ಹಗ್ಗ, ಬೆಣೆಗಳನ್ನು ತಳದಲ್ಲಿ ಹಾಸಿ, ಮೇಲೆ ಸರಕು ಹೇರಿದ್ದಾರೆ. ಏರಿನಲ್ಲಿ ಹಗ್ಗ, ಬೆಣೆ ಬೇಕಾದಾಗ ಮಾದಣ್ಣ ನಲವತ್ತು ಮಡಕೆ ಇಳಿಸಬೇಕಿತ್ತು. ಎಲ್ಲವೂ ಇತ್ತು, ಕೈಗೆ ಸಿಗಲಿಲ್ಲ.”

ಬಾಚಲದೇವಿ ಸುರುಳಿಯನ್ನು ಹಿಂದಕ್ಕೆ ಪಡೆದು ಎಣ್ಣೆಯ ಕಲೆಯನ್ನು ನೋಡಿದಳು. “ಈ ಒಗಟಿಗೆ ಉತ್ತರ ನನಗೇ ಗೊತ್ತಿರಲಿಲ್ಲ,” ಎಂದಳು. “ನಾಗವ್ವ ಯಾಕೆ ಸತ್ತಳೆಂದು ಯಾರಾದರೂ ಹೇಳಲಿ ಅಂತಲೇ ಕೇಳುತ್ತಿದ್ದೆ.”

ಬಾಗಿಲ ಬಳಿ ನಿಂತಿದ್ದ ಉಗ್ರಾಣದ ಅಧಿಕಾರಿ ಸಂಗರಸ ಮೊಣಕಾಲೂರಿದ. ದೂರು ಕೊಟ್ಟವನು ಅವನೇ. “ಪೆಟ್ಟಿಗೆ ತೆಗೆದರೆ ನಾಲ್ಕು ಮಡಕೆ ಹೆಚ್ಚು ಹಿಡಿಯುತ್ತಿತ್ತು. ರೋಗಿಗಳಿಗೆ ಹೆಚ್ಚು ಮದ್ದು ಸಿಗಲಿ ಅಂತ ಮಾಡಿದೆ. ಬಂಡಿ ಉರುಳಿದ ಮೇಲೆ ಹೆದರಿ ಸುಳ್ಳು ಹೇಳಿದೆ.” ಅವನ ಅಧಿಕಾರ ಹೋಯಿತು. ಕೋಟೆಗೆ ಹೋಗಿ ರೋಗಿಗಳ ಸೇವೆ ಮಾಡಬೇಕೆಂದು ಅಪ್ಪಣೆಯಾಯಿತು.

“ಬಂಡಿಗಳು ನಿನ್ನವು. ಇನ್ನೇನು ಬೇಕು?” ಎಂದು ಕೇಳಿದಳು ಬಾಚಲದೇವಿ.

“ಸೆರೆಯಲ್ಲಿರುವ ನಾಲ್ಕೂ ಜನ ಬೇಕು ತಾಯಿ. ಗೊತ್ತಿಲ್ಲದ್ದಕ್ಕೆ ಯಾರೂ ಸಾಯಬಾರದು.”

ಅವಳೇ ಎದ್ದು ಹೋಗಿ ಸೆರೆಮನೆಯ ಬಾಗಿಲು ತೆರೆಸಿದಳು. ಮಾದಣ್ಣನ ಎದುರು ಕೈಮುಗಿದಾಗ ಮುದುಕ ಗಾಬರಿಯಾದ. “ಹೇರಿದ್ದನ್ನು ನೋಡದೆ ಹೊರಟೆನಲ್ಲ ತಾಯಿ, ಅದು ನನ್ನ ತಪ್ಪೇ,” ಎಂದ.

“ನಿಮ್ಮ ಮಾತು ಕೇಳದೆ ಶಿಕ್ಷೆ ಕೊಡಲು ಹೊರಟಿದ್ದು ನನ್ನ ತಪ್ಪು,” ಎಂದಳು ಅವಳು. ಮಾದಣ್ಣ ತಿಪ್ಪನ ಬಳಿಗೆ ನಡೆದ. ಅವನ ಕೈ ಹಿಡಿದುಕೊಂಡೇ ಅಂಗಳದವರೆಗೆ ಬಂದ.

ಮರುದಿನ ಬೆಳಗ್ಗೆ ಆರು ಬಂಡಿ ಮದ್ದು ಹೊರಟಿತು. ಗುರುಶಿಷ್ಯರಿಬ್ಬರೂ ಜೊತೆಗೇ ಹೋದರು. ಮೂರನೆಯ ದಿನ ಮಧ್ಯಾಹ್ನ ಕೋಟೆ ಸೇರಿದಾಗ ಒಂದು ಮಡಕೆಯೂ ಒಡೆದಿರಲಿಲ್ಲ. ಜ್ವರದಿಂದ ಮಲಗಿದ್ದ ಮಗಳಿಗೆ ಮದ್ದು ಹಚ್ಚಿ ಬಂದ ಒಬ್ಬ ಹೆಂಗಸು ಚೊಂಬಿನಲ್ಲಿ ಮಜ್ಜಿಗೆ ಹಿಡಿದು, “ಮದ್ದು ತಂದವರಲ್ಲಿ ಯಾರಿಗೆ ಕೊಡಲಪ್ಪಾ ಇದನ್ನು?” ಎಂದು ಕೇಳಿದಳು. ತಿಪ್ಪ ಬೆರಳು ತೋರಿಸಿದ. ಬಂಡಿಯ ನೆರಳಿನಲ್ಲಿ ಮಾದಣ್ಣ ಆಗಲೇ ನಿದ್ದೆ ಹೋಗಿದ್ದ. ಆಕೆ ಎಬ್ಬಿಸಲಿಲ್ಲ. ಚೊಂಬನ್ನು ಅವನ ತಲೆಯ ಬಳಿ ಇಟ್ಟು, ಎಲೆ ಮುಚ್ಚಿ, ಕೈಮುಗಿದು ಹೋದಳು.