ಕಲ್ಲವ್ವ ಹೂತಿಟ್ಟ ಬೋಕಿಗಳು

ಬಹಳ ಹಿಂದೆ, ಯಾವ ದೊರೆಯ ಕಾಲವೋ ಹೇಳುವವರಿಗೂ ಗೊತ್ತಿಲ್ಲ, ಇಳಿಜಾರಿನ ಮೇಲೊಂದು ಪೇಟೆಯಿತ್ತು. ಅಲ್ಲಿ ಅದೂ ಎಲ್ಲ ದಿನಗಳಂಥ ಒಂದು ದಿನ. ಕುಂಬಾರ ಕಲ್ಲವ್ವ ಬುಟ್ಟಿಯ ತುಂಬ ಬೋಕಿ, ಅಂದರೆ ಒಡೆದ ಗಡಿಗೆಯ ಚೂರು, ಹೊತ್ತು ತಿಪ್ಪೆಯ ಕಡೆ ಹೊರಟಿದ್ದಳಂತೆ.

ಆ ಪೇಟೆಯ ಬೀದಿಗೆಲ್ಲ ಹಾಸುಗಲ್ಲು, ಎರಡೂ ಬದಿಗೆ ಹೊಂಗೆಯ ಗಿಡ. ಬೀದಿ ಮುಗಿಯುವಲ್ಲಿ ಕಲ್ಲವ್ವನ ಮಣ್ಣಿನ ಮನೆ. ಮಳೆ ಬಂದರೆ ಪೇಟೆಯ ನೀರೆಲ್ಲ ಕಲ್ಲಿನ ಮೇಲೆ ಜಾರಿ ಅವಳ ಬಾಗಿಲಿಗೇ ಬರುತ್ತಿತ್ತಂತೆ. ಗಿಡದ ಬುಡಕ್ಕೆ ಹನಿಯೂ ಇಳಿಯುತ್ತಿರಲಿಲ್ಲವಂತೆ. ಗಿಡ ಒಣಗುತ್ತಿತ್ತು, ಮನೆ ನೆನೆಯುತ್ತಿತ್ತು. ವರ್ಷವರ್ಷವೂ ಅವಳು ಮಣ್ಣು ಮೆತ್ತಿ ಹೊಸ್ತಿಲು ಎತ್ತರಿಸುವಳು. ಆದರೂ ಗೋಡೆಯ ಬುಡ ಕರಗುತ್ತಲೇ ಇತ್ತು.

ಬುಟ್ಟಿಯಲ್ಲಿದ್ದದ್ದು ತೀರಿಹೋದ ಗಂಡ ಕಡೆಯದಾಗಿ ಮಾಡಿದ ಗಡಿಗೆಗಳು. ಗಡಿಗೆ ಸುಡುವ ಆವಿಗೆಗೆ ಮಳೆನೀರು ನುಗ್ಗಿ ಬಿರಿದಿದ್ದವು. ತಿಪ್ಪೆಗೆ ಸುರಿಯಲು ಅವಳಿಗೆ ಕೈ ಬರಲಿಲ್ಲ. ಎಣ್ಣೆ ಅಂಗಡಿಯ ಮುಂದೆ ಸತ್ತ ಗಿಡ ಕಿತ್ತ ಗುಂಡಿಯಿತ್ತು. ಅದರಲ್ಲಿ ಒಂದೊಂದೇ ಚೂರು ಜೋಡಿಸಿ, ಮೇಲೆ ಸಡಿಲ ಮಣ್ಣು ಮುಚ್ಚಿದಳಂತೆ. ಮಧ್ಯಾಹ್ನ ಮಳೆ ಹೊಯ್ದಿತು. ಬೀದಿಯ ನೀರು ಗುಂಡಿಯ ಬಳಿ ಬಂದು, ಒಂದು ಸುತ್ತು ಸುತ್ತಿ, ಚೂರುಗಳ ಸಂದಿಯಲ್ಲಿ ಒಳಗಿಳಿಯಿತಂತೆ.

ಅವಳು ಅಲ್ಲೊಂದು ಹೊಂಗೆ ನೆಟ್ಟಳು. ಬೇಸಿಗೆಗಳು ಕಳೆದವು. ಬೀದಿಯಲ್ಲಿ ಅದೊಂದೇ ಹಸಿರಾಗಿ ಬೆಳೆದು ನಿಂತಿತಂತೆ. ಆಗ ಕಲ್ಲವ್ವ ಇನ್ನೊಂದು ಬುಟ್ಟಿ ಬೋಕಿ ತಂದಿಟ್ಟು, ಪಕ್ಕದ ಗಿಡದ ಬುಡದ ಕಲ್ಲು ಎಬ್ಬಿಸಲು ಹಾರೆ ಹಾಕಿದಳು. ಎಣ್ಣೆ ಅಂಗಡಿಯ ಗುರುಪಾದಪ್ಪ ಓಡಿಬಂದ.

"ಏ ಕಲ್ಲವ್ವಾ, ಒಡೆದ ಗಡಿಗಿ ಸುಡುಗಾಡಿನ್ಯಾಗ ಇರ್ಬೇಕು! ನನ್ನ ಅಂಗಡಿ ಮುಂದ ಯಾರು ಸತ್ತಾರ?"

"ನಿಮ್ಮ ಗಿಡ ಸತ್ತಿತ್ತಲ್ರೀ ಸಾವ್ಕಾರ್ರ. ಈಗ ಯಾವುದರ ನೆಳ್ಳಾಗ ನಿಂತು ಬೈಯಾಕತ್ತೀರಿ, ನೋಡ್ರಿ."

ಗುರುಪಾದಪ್ಪ ತಲೆಯೆತ್ತಿ ನೋಡಿದನಂತೆ. ನೋಡಿ, ತಾನೇ ಹಾರೆ ಇಸಿದುಕೊಂಡನಂತೆ. ಆಮೇಲೆ ಮನೆಮನೆಯಿಂದ ಬೋಕಿ ಬಂತು. ಮಳೆಗಾಲಕ್ಕೆ ಮುಂಚೆ ಬೀದಿಯ ಎಲ್ಲ ಗಿಡದ ಬುಡದಲ್ಲೂ ಕಲ್ಲು ಎದ್ದು, ಬೋಕಿ ಸೇರಿ, ಮಣ್ಣು ಸಡಿಲಾಯಿತು.

ಆ ವರ್ಷದಂಥ ಮಳೆ ಹಿಂದೆ ಬಂದಿರಲಿಲ್ಲವಂತೆ. ಇಂದು ಗೋಡೆ ಹೋಯಿತೆಂದೇ ಕಲ್ಲವ್ವ ಬಾಗಿಲಲ್ಲಿ ಕೂತಳು. ಬೀದಿಯ ನೀರನ್ನು ಗಿಡಗಳು ಒಂದೊಂದಾಗಿ ಕುಡಿದವಂತೆ. ಮಳೆ ನಿಂತಾಗ ಹೊಸ್ತಿಲಿನ ಆಚೆ ಒದ್ದೆ, ಈಚೆ ಒಣ.

ಈಗಲೂ ಆ ಬೀದಿಯವರು ಗಡಿಗೆ ಒಡೆದರೆ ತಿಪ್ಪೆಗೆ ಒಯ್ಯುವುದಿಲ್ಲ. "ಕಲ್ಲವ್ವಾ, ತಗೋ" ಎಂದು ಹತ್ತಿರದ ಹೊಂಗೆಯ ಬುಡದಲ್ಲಿ ಹೂಳುತ್ತಾರೆ.

ಬೀದಿಯ ಕೊನೆಯ ಮನೆಯ ಹೊಸ್ತಿಲು ಈಗ ನೆಲಕ್ಕೆ ಸಮವಾಗಿದೆ.